ಒಂದು ಮನೆಯ ಎರಡು ಒಲೆ

ನಾನು ಬೆಳೆದ ಮನೆಯಲ್ಲಿ ಎರಡು ಒಲೆಗಳಿದ್ದವು. ಅಡುಗೆಮನೆಯಲ್ಲಿ ಅವ್ವನದು, ಮುಂದಿನ ಕೋಣೆಯಲ್ಲಿ ಅಪ್ಪನದು. ಗಂಡ ಹೆಂಡತಿ ಒಂದೇ ಸೂರಿನಡಿ, ನಡುವೆ ಒಂದು ಗೋಡೆ ಇಟ್ಟುಕೊಂಡು, ಅಪ್ಪ ಸಾಯುವವರೆಗೂ ಬೇರೆ ಬೇರೆ ಬೇಯಿಸಿಕೊಂಡು ಉಂಡರು. ಆ ಎರಡನೆಯ ಒಲೆ ಹೂಡುವಂತೆ ಮಾಡಿದವನು ನಾನು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದ್ದೇನೆ, ಹೇಳಿದ ಮೇಲೆ ಏನಾಯಿತೆಂಬುದನ್ನೂ ಇಲ್ಲಿ ಬರೆಯುತ್ತೇನೆ. ಹೈಸ್ಕೂಲು ಮುಗಿಸಿದವನ ಬರಹ, ತಪ್ಪಿದ್ದಲ್ಲಿ ತಿದ್ದಿಕೊಂಡು ಓದಬೇಕು.

ಊರು ಹಟ್ಟಿ. ರಾಯಚೂರು ಸೀಮೆಯಲ್ಲಿ, ರೈಲಿಗೂ ಸಿಗದೆ ದೊಡ್ಡ ರಸ್ತೆಗೂ ಸಿಗದೆ ದೂರ ಕುಳಿತ ಸಣ್ಣ ಊರು. ನೆಲದಡಿ ಬಂಗಾರ ಇರದಿದ್ದರೆ ಅಲ್ಲಿ ಕುರಿ ಮೇಯುತ್ತಿದ್ದವು, ಜನ ಇರುತ್ತಿರಲಿಲ್ಲ. ಈಗ ನಾನಿರುವ ಕುವೈತಿನ ಮಹಬೂಲಾದ ಈ ಕೋಣೆಯಲ್ಲಿ ನಾವು ನಾಲ್ವರು. ಕನ್ನಡ ಬರುವವನು ಕುಂದಾಪುರದ ಕಡೆಯ ಸದಾನಂದ ಒಬ್ಬನೇ. ಹೋಟೆಲಿನಲ್ಲಿ ಅಡುಗೆ ಮಾಡುತ್ತಾನೆ, ನನಗಿಂತ ಬಹಳ ಚಿಕ್ಕವನು. ನನ್ನ ಊರಿನ ಹೆಸರು ಬಂದಾಗಲೆಲ್ಲ ಅವನಿಗೆ ಒಂದೇ ತಮಾಷೆ.

“ಎಂತ ಮಾರಾಯ್ರೆ, ಬಂಗಾರದ ಊರು ಬಿಟ್ಟು ಈ ಎಣ್ಣೆ ಊರಿಗೆ ಯಾಕೆ ಬಂದದ್ದು? ನಮ್ಮ ಕಡೆಯವರಾದ್ರೆ ಅಲ್ಲೇ ಒಂದು ಹೋಟ್ಲು ಹಾಕಿ ಕೂರ್ತಿದ್ರು.”

“ಬಂಗಾರ ಕಂಪನೀದು, ಧೂಳಷ್ಟ ನಮ್ದು” ಎಂದು ನಾನೂ ನಗುತ್ತಿದ್ದೆ.

ಆ ಧೂಳಿನದೇ ಕತೆ. ನಮ್ಮದು ಗಣಿ ಕಂಪನಿಯ ಸಾಲುಮನೆಗಳ ಲೈನಿನಲ್ಲಿ ಒಂದು ಮನೆ. ಮುಂದೆ ಒಂದು ಕೋಣೆ, ಹಿಂದೆ ಅಡುಗೆಮನೆ, ಅದಕ್ಕೊಂದು ಹಿತ್ತಲ ಬಾಗಿಲು. ಮುಂದಿನ ಬಾಗಿಲಲ್ಲಿ ನಿಂತರೆ ಹಿತ್ತಲ ಬಾಗಿಲಾಚೆಯ ಬೇವಿನ ಗಿಡ ಕಾಣುತ್ತಿತ್ತು, ಅಷ್ಟೇ ಮನೆ. ಪಾಳಿ ಬದಲಾಗುವ ಸೈರನ್ ಕೂಗಿದರೆ ಅವ್ವ ಒಲೆಯ ಮೇಲೆ ಹಂಚು ಇಡುತ್ತಿದ್ದಳು. ಅಪ್ಪ ಮನೆ ಮುಟ್ಟುವ ಹೊತ್ತಿಗೆ ಮೊದಲ ರೊಟ್ಟಿ ಉಬ್ಬಿರಬೇಕು. ನೆಲದಡಿಯಿಂದ ಬಂದ ಅಪ್ಪನ ಹುಬ್ಬು, ಮೀಸೆ, ಕಿವಿಯ ಸುರುಳಿ ಎಲ್ಲ ಬೂದು ಬಣ್ಣಕ್ಕೆ ತಿರುಗಿರುತ್ತಿದ್ದವು. ಗೇಟಿನಲ್ಲಿ ಕಾವಲಿನ ಜಮಾದಾರ ಬುತ್ತಿ ಡಬ್ಬಿಯನ್ನೂ ತೆಗೆಸಿ ನೋಡುತ್ತಿದ್ದ. ಆದರೆ ಪ್ಯಾಂಟಿನ ಮಡಿಕೆಯಲ್ಲಿ, ಬೂಟಿನ ಅಡಿಯಲ್ಲಿ ಮೆತ್ತಿಕೊಂಡ ಕೆಸರನ್ನು ಯಾರು ನೋಡುತ್ತಾರೆ? ಅವ್ವ ನೋಡುತ್ತಿದ್ದಳು.

ಅವ್ವನ ತವರಿನವರು ಜಾಲಗಾರರು. ಹಳ್ಳದ ಉಸುಕನ್ನು, ಅಕ್ಕಸಾಲಿಗರ ಕುಲುಮೆಯ ಬೂದಿಯನ್ನು ಮರದ ಮರಿಗೆಯಲ್ಲಿ ಜಾಲಿಸಿ ಬಂಗಾರ ತೆಗೆಯುವವರು. ಅವರಲ್ಲಿ ಒಂದು ಪದ್ಧತಿ ಇತ್ತು. ಹೆಣ್ಣು ಹುಟ್ಟಿದರೆ ಅದರ ಮೂಗಿಗೆ ಮೊದಲು ಇಡುವ ಬಂಗಾರ ತಾಯಿ ತನ್ನ ಕೈಯಿಂದ ಜಾಲಿಸಿದ್ದಾಗಿರಬೇಕು, ಅಂಗಡಿಯಿಂದ ತಂದದ್ದಾಗಬಾರದು. ನನ್ನ ತಂಗಿ ದುರುಗಿ ಹುಟ್ಟಿದ ವಾರದಿಂದಲೇ ಅವ್ವ ಅಪ್ಪನ ಬಟ್ಟೆ ಒಗೆದ ನೀರನ್ನು ಚೆಲ್ಲುವುದು ಬಿಟ್ಟಳು. ದೊಡ್ಡ ಗಡಿಗೆಯಲ್ಲಿ ಅದನ್ನು ತಿಳಿಯಾಗಲು ಬಿಟ್ಟು, ಮೇಲಿನ ನೀರು ಬಸಿದು, ತಳದ ಕೆಸರನ್ನು ಒಣಗಿಸಿ ಕಟ್ಟಿಡುತ್ತಿದ್ದಳು. ಅಪ್ಪನಿಗೆ ಇದು ಸೇರುತ್ತಿರಲಿಲ್ಲ. ಉಣ್ಣಲು ಕುಳಿತಾಗಲೆಲ್ಲ ಅದೇ ಜಗಳ.

“ಕಂಪನಿ ಮಣ್ಣು ಕಂಪನೀದು. ಸಿಕ್ಕರ ನೌಕರೀನೂ ಹೊಕ್ಕೈತಿ, ಮನೀನೂ ಹೊಕ್ಕೈತಿ. ಈ ಮಕ್ಕಳನ್ನ ಕಟಗೊಂಡು ಎಲ್ಲಿ ಬೀಳಾಣ?”

“ನಾ ಮಣ್ಣು ಎಲ್ಲಿ ಕದ್ದೀನಿ? ಬಟ್ಟಿ ಒಗದೀನಿ. ಬಟ್ಟಿ ನಿಂದು, ಒಗದ ನೀರು ನಂದು.”

ಅಪ್ಪ ಪುಂಡಿಪಲ್ಯ ಇನ್ನಷ್ಟು ಹಾಕಿಸಿಕೊಳ್ಳುತ್ತಿದ್ದ. ಆ ದಿನಗಳಲ್ಲಿ ಜಗಳವೂ ಒಂದು ರುಚಿಯೇ ಆಗಿತ್ತು. ನಾನು, ತಮ್ಮ ಮೌನೇಶ, ಅಪ್ಪ ಒಂದೇ ಸಾಲಿನಲ್ಲಿ ಕುಳಿತಿರುತ್ತಿದ್ದೆವು. ದುರುಗಿ ಎಲ್ಲರ ತಾಟಿಗೂ ಕೈ ಹಾಕುತ್ತ ಅಂಬೆಗಾಲಲ್ಲಿ ಓಡಾಡುತ್ತಿದ್ದಳು. ಅವಳಿಗೆ ರೊಟ್ಟಿಯ ಪದರು ಕಿತ್ತು ತಿನ್ನುವುದೆಂದರೆ ಪ್ರಾಣ. ಉಬ್ಬಿದ ರೊಟ್ಟಿಯನ್ನು ಅಪ್ಪ ಅವಳ ಮುಂದೆ ಹಿಡಿದರೆ ಬೆರಳಿಟ್ಟು ತೂತು ಮಾಡಿ, ಬಿಸಿ ಆವಿ ತಾಕಿದ ಕೂಡಲೇ ಕೇಕೆ ಹಾಕುತ್ತಿದ್ದಳು. ಬೆರಳು ಸುಟ್ಟರೂ ಮರುದಿನ ಮತ್ತೆ ಅದೇ. ಆದರೆ ಅಪ್ಪನ ಮಾತಿನೊಳಗಿನ ಹೆದರಿಕೆಯನ್ನು ಅವ್ವನಿಗಿಂತ ಹೆಚ್ಚು ನಂಬಿದವನು ನಾನು. ಮನೆ ಖಾಲಿ ಮಾಡಿಸುತ್ತಾರೆ ಎನ್ನುವುದು ನನ್ನ ತಲೆಯಲ್ಲಿ ಕುಳಿತುಬಿಟ್ಟಿತ್ತು. ಖಾಕಿ ಬಟ್ಟೆ ಕಂಡರೆ ಸಾಕು, ನಾನೇ ಕದ್ದವನ ಹಾಗೆ ಗೋಡೆಗೆ ಅಂಟಿಕೊಳ್ಳುತ್ತಿದ್ದೆ.

ದುರುಗಿಗೆ ಎರಡು ತುಂಬಿದಾಗ ಅವ್ವ ಕೂಡಿಟ್ಟ ಕೆಸರನ್ನೆಲ್ಲ ಮರಿಗೆಯಲ್ಲಿ ಜಾಲಿಸಿದಳು. ತಳದಲ್ಲಿ ಉಳಿದ ಕರಿ ಉಸುಕಿಗೆ ಸೋದರಮಾವ ತಂದುಕೊಟ್ಟ ಪಾದರಸ ಹಾಕಿ ಅಂಗೈಯಲ್ಲಿ ತಿಕ್ಕಿ, ಬಟ್ಟೆಯಲ್ಲಿ ಹಿಂಡಿದಳು. ಬೆಳ್ಳಗಿನ ಒಂದು ಮೆತ್ತನೆ ಉಂಡೆ ಉಳಿಯಿತು. ಇನ್ನು ಅದನ್ನು ಕೆಂಡದ ಮೇಲಿಟ್ಟು ಕಾಯಿಸಬೇಕು. ಪಾದರಸ ಹಾರಿಹೋಗುತ್ತದೆ, ಬಂಗಾರ ಉಳಿಯುತ್ತದೆ. ಜಾಲಗಾರರು ಈ ಕೆಲಸ ಮನೆಯೊಳಗೆ ಎಂದೂ ಮಾಡುವುದಿಲ್ಲ. ಹಳ್ಳದ ದಂಡೆಯಲ್ಲಿ, ಗಾಳಿಗೆ ಬೆನ್ನು ಕೊಟ್ಟು ಕುಳಿತು ಮಾಡುತ್ತಾರೆ. ನಮ್ಮ ಲೈನಿನಲ್ಲಿ ಹೊರಗೆ ಕುಳಿತರೆ ಹತ್ತು ಮನೆಗೆ ಕಾಣುತ್ತದೆ. ಅವ್ವ ಅಡುಗೆಮನೆಯಲ್ಲೇ ಮಾಡಿದಳು. ತಿಳಿಯದೆ ಮಾಡಲಿಲ್ಲ. ಮುಂದಿನ ಬಾಗಿಲು, ಹಿತ್ತಲ ಬಾಗಿಲು ಎರಡನ್ನೂ ತೆರೆದಳು. ಒಂದು ಚಿಟಿಕೆ ಬೂದಿ ಬಿಟ್ಟು ಗಾಳಿ ಎತ್ತ ಹೋಗುತ್ತದೆಂದು ನೋಡಿದಳು. ಅದು ಮುಂದಿನಿಂದ ಬಂದು ಹಿತ್ತಲಿಗೆ ಹೋಗುತ್ತಿತ್ತು. ದುರುಗಿ ಮುಂದಿನ ಕೋಣೆಯಲ್ಲಿ ಸೀರೆಯ ಜೋಲಿಯಲ್ಲಿ ಮಲಗಿದ್ದಳು, ಗಾಳಿ ಬರುವ ಕಡೆಗೆ. ಅವ್ವನ ಲೆಕ್ಕ ಸರಿಯಾಗಿತ್ತು.

ಉಂಡೆಯನ್ನು ಕಬ್ಬಿಣದ ಸೌಟಿನಲ್ಲಿ ಕೆಂಡದ ಮೇಲಿಟ್ಟ ಸ್ವಲ್ಪ ಹೊತ್ತಿಗೆ ಲೈನಿನ ನಳಕ್ಕೆ ನೀರು ಬಂತೆಂದು ಹೆಂಗಸರು ಕೂಗಿದರು. ಆಗ ತುಂಬಿಕೊಳ್ಳದಿದ್ದರೆ ಮರುದಿನದವರೆಗೆ ನೀರಿಲ್ಲ. ಅವ್ವ ಕೊಡ ಎತ್ತಿಕೊಂಡಳು, ಮೌನೇಶ ಅವಳ ಸೆರಗು ಹಿಡಿದು ಹೊರಟ.

“ಹುಸೇನ್ಯಾ, ಹಿತ್ತಲ ಬಾಗಲದಾಗ ನಿಂದ್ರು. ಇದರ ಹೊಗಿ ಕಣ್ಣಿಗೆ ಕಾಣಂಗಿಲ್ಲ, ಆದರ ಕೆಟ್ಟದ್ದು. ಗಾಳಿ ಹೊರಗ ಹೋಗಬೇಕು. ಬಾಗಲ ಮುಚ್ಚಗೊಡಬ್ಯಾಡ. ತಿಳೀತಿಲ್ಲೊ?”

“ತಿಳೀತವ್ವ.”

ನನಗೆ ಆಗ ಎಂಟು ವರ್ಷ. ತಿಳಿದಿತ್ತು.

ಸ್ವಲ್ಪ ಹೊತ್ತಿಗೆ ಹಿತ್ತಲ ಓಣಿಯಲ್ಲಿ ಸೈಕಲ್ಲಿನ ಗಂಟೆ ಕೇಳಿತು. ಜಮಾದಾರ ಖಾಜಾಸಾಬ ರೌಂಡಿಗೆ ಬರುತ್ತಿದ್ದ. ಅವನ ತಲೆಯ ರುಮಾಲು ಗೋಡೆಯ ಮೇಲೆ ತೇಲುತ್ತ ಬರುವುದು ಕಂಡಿತು. ಒಲೆಯ ಮೇಲೆ ಸೌಟು, ಪಕ್ಕದಲ್ಲಿ ಮರಿಗೆ, ಕರಿ ಉಸುಕು. ನಾನು ಹಿತ್ತಲ ಬಾಗಿಲು ಮುಚ್ಚಿ ಅಗಳಿ ಹಾಕಿದೆ. ಜೋಲಿಯ ಪಕ್ಕದಿಂದ ಓಡಿಬಂದು ಮುಂದಿನ ಬಾಗಿಲನ್ನೂ ಎಳೆದುಕೊಂಡು ಮೆಟ್ಟಿಲ ಮೇಲೆ ಕುಳಿತೆ. ಅವನು ಸುತ್ತು ಹಾಕಿ ಮುಂದೆ ಬಂದವನು ನನ್ನನ್ನು ನೋಡಿ ಕಾಲೂರಿ ನಿಂತ.

“ಏನಪ್ಪಾ ಹುಸೇನಪ್ಪ ಸಾಹೇಬ್ರ, ಬಾಗಲಾ ಕಾಯಾಕತ್ತೀರೇನು? ನನ್ನ ನೌಕರಿ ತಗೋಬ್ಯಾಡ್ರೆಪಾ.”

“ಅವ್ವ ನೀರಿಗೆ ಹೋಗ್ಯಾಳರಿ.”

“ಹೌದಾ. ಮಗ್ಗಿ ಬರ್ತಾವಿಲ್ಲೊ ನಿನಗ? ಹದಿಮೂರರದು ಹೇಳು ನೋಡೋಣು. ನಮ್ಮ ಮನೀ ಕತ್ತಿಗೋಳಿಗೆ ಹನ್ನೊಂದೂ ಬರಂಗಿಲ್ಲ.”

ನಾನು ಶುರು ಮಾಡಿದೆ. ಆಗ ಒಳಗೆ ದುರುಗಿ ಕೆಮ್ಮಿದಳು. ಒಂದು ಸಲ, ತಡೆದು ಇನ್ನೊಂದು ಸಲ. ಮಗುವಿನ ಸದ್ದಿಗೆ ಅವನು ಬಾಗಿಲು ತೆಗೆದು ನೋಡಿದರೆ ಎಂದು ಹೆದರಿದೆ. ನಾನು ದನಿ ಏರಿಸಿದೆ. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ಕೂಗುವಷ್ಟು ಗಟ್ಟಿಯಾಗಿ ಹದಿಮೂರರ ಮಗ್ಗಿ ಕೂಗಿದೆ. ಅವನು ಶಾಭಾಸ್ ಎಂದು ಹದಿನಾಲ್ಕರದು ಕೇಳಿದ. ಅದನ್ನೂ ಕೂಗಿದೆ. ಅದು ಮುಗಿಯುವಷ್ಟರಲ್ಲಿ ಒಳಗೆ ಸದ್ದಿರಲಿಲ್ಲ. ಮಲಗಿದಳು ಅಂದುಕೊಂಡೆ.

ಅವನು ಹೋದ. ಓಣಿಯ ತುದಿಯಲ್ಲಿ ಅವ್ವನ ಕೊಡ ಕಂಡಿತು. ನಾನು ಮುಂದಿನ ಬಾಗಿಲು ದೂಡಿ ಒಳಗೋಡಿ ಹಿತ್ತಲಿನ ಅಗಳಿ ತೆಗೆದೆ, ಬಾಗಿಲನ್ನು ಎಳೆದು ತೆರೆಯುವಷ್ಟು ಹೊತ್ತು ಸಿಗಲಿಲ್ಲ. ಅವ್ವ ಬಂದವಳೇ ಮುಚ್ಚಿದ ಆ ಬಾಗಿಲನ್ನು ನೋಡಿದಳು.

“ಯಾಕ ಮುಚ್ಚೇತಿ?”

“ಗಾಳಿಗಿ ಮುಚ್ಚಿಕೊಂಡತವ್ವ. ಈಗ.”

ಅವ್ವ ಕೊಡ ಇಳಿಸದೆಯೇ ಬಾಗಿಲು ಎಳೆದು ತೆರೆದಳು. ನಂಬಿದಳು. ಗಾಳಿ ಇತ್ತಲ್ಲ. ಸೌಟಿನಲ್ಲಿ ಜೋಳದ ಕಾಳಿನಷ್ಟು ಬಂಗಾರ ನಿಂತಿತ್ತು. ಅದನ್ನು ನನಗೆ ತೋರಿಸಿ ನಕ್ಕಳು. ನಾನು ಕಂಡ ಅವ್ವನ ಕೊನೆಯ ನಗು ಅದು ಎಂದರೆ ಬರೆಯಲು ಚೆಂದ. ಆಮೇಲೆಯೂ ನಕ್ಕಿರಬಹುದು, ನಾನು ನೋಡುವುದನ್ನು ಬಿಟ್ಟಿದ್ದೆ.

ಸಂಜೆಯ ಹೊತ್ತಿಗೆ ದುರುಗಿಗೆ ಉಸಿರು ಹಿಡಿಯಿತು. ದವಾಖಾನೆಯ ಡಾಕ್ಟರು ಏನಾದರೂ ಸುಟ್ಟಿರೇನು ಎಂದು ಕೇಳಿದರು. ಅವ್ವ ಸುಳ್ಳು ಹೇಳಲಿಲ್ಲ. ಅಪ್ಪನ ಎದುರಿಗೇ ಎಲ್ಲವನ್ನೂ ಹೇಳಿದಳು. ಡಾಕ್ಟರು ಒಳ್ಳೆಯವರು, ಅದನ್ನು ಹೊರಗೆ ಬಿಡಲಿಲ್ಲ. ಎರಡು ದಿನ ಅಪ್ಪ ದವಾಖಾನೆಯ ನೆಲದ ಮೇಲೆ ಕುಳಿತಿದ್ದ, ಅವ್ವ ಮಗುವಿನ ಅಂಗಾಲು ತಿಕ್ಕುತ್ತಿದ್ದಳು. ನಂತರ ದುರುಗಿ ಹೋದಳು. ಖಾಜಾಸಾಬನೂ ಮಣ್ಣಿಗೆ ಬಂದಿದ್ದ. ನೆರೆಯವರಿಗೆ ಹೇಳುತ್ತಿದ್ದ, “ಅವತ್ತ ನಾ ಬಾಗಲದಾಗ ನಿಂತಿದ್ದೆ. ಕೂಸು ಒಳಗ ಗಪ್ ಮಲಗಿತ್ತು ನೋಡ್ರಿ, ಒಂದು ಸದ್ದಿಲ್ಲ.” ನನ್ನ ತಲೆ ಸವರಿದ. ಕುಣಿಯ ಹತ್ತಿರ ಅವ್ವ ಆ ಬಂಗಾರವನ್ನು ದುರುಗಿಯ ಮುಷ್ಟಿಯೊಳಗೆ ಇಟ್ಟಳು. ಅಪ್ಪ ಬಾಗಿ, ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅದನ್ನು ತೆಗೆದು ಕುರುಚಲಿನೊಳಗೆ ಎಸೆದ.

ಅಂದು ಸಂಜೆ ನೆರೆಮನೆಯವರು ತಂದಿಟ್ಟ ಅನ್ನವನ್ನು ಅವ್ವ ಬಡಿಸಲು ಹೋದರೆ ಅಪ್ಪ ತಾಟು ಸರಿಸಿದ. ಮರುದಿನ ಎಲ್ಲಿಂದಲೋ ಮೂರು ಇಟ್ಟಿಗೆ ತಂದು ಮುಂದಿನ ಕೋಣೆಯ ಮೂಲೆಯಲ್ಲಿ ಒಲೆ ಹೂಡಿದ.

“ಆ ಕೈಲೆ ಮಾಡಿದ್ದು ನನಗ ಇಳಿಯಂಗಿಲ್ಲ” ಎಂದ. ಅವ್ವನಿಗೆ ಹೇಳಲಿಲ್ಲ, ಗೋಡೆಗೆ ಹೇಳಿದ.

ನೆಲದಡಿ ಕಲ್ಲು ಕೊರೆಯುವವನಿಗೆ ರೊಟ್ಟಿ ಬಡಿಯಲು ಎಲ್ಲಿ ಬರಬೇಕು. ಹಿಟ್ಟು ಕೈಗೆ ಅಂಟುತ್ತಿತ್ತು, ಹಂಚಿಗೆ ಹಾಕುವಷ್ಟರಲ್ಲಿ ಹರಿಯುತ್ತಿತ್ತು. ಗೋಡೆಯಾಚೆ ಅವ್ವನ ಕೈಯ ಪಟಪಟ ಸದ್ದು, ಈಚೆ ಅಪ್ಪನ ತಡವರಿಕೆ. ದಿನಾ ಎರಡು ಹೊಗೆ ಒಂದೇ ಸೂರಿನಿಂದ ಏಳುತ್ತಿದ್ದವು. ಲೈನಿನವರು ಮೊದಲು ನಕ್ಕರು, ಆಮೇಲೆ ಬೈದರು, ಆಮೇಲೆ ಅವರಿಗೂ ರೂಢಿಯಾಯಿತು. ಯಾರೋ ಹಿರಿಯರು ಕರೆದು ಬುದ್ಧಿ ಹೇಳಿದರು. ಅಪ್ಪ ಕೈಕಟ್ಟಿ ಕೇಳಿಸಿಕೊಂಡು ಬಂದು ತನ್ನ ಒಲೆ ಹೊತ್ತಿಸಿದ. ಅವ್ವ ಅಪ್ಪನ ಬಟ್ಟೆ ಒಗೆಯುವುದನ್ನು ಬಿಡಲಿಲ್ಲ, ಅಪ್ಪ ಒಗೆಸಿಕೊಳ್ಳುವುದನ್ನು ಬಿಡಲಿಲ್ಲ. ಆ ನೀರನ್ನು ಮಾತ್ರ ಅವ್ವ ಮೋರಿಗೆ ಚೆಲ್ಲುತ್ತಿದ್ದಳು. ಹಬ್ಬಕ್ಕೆ ಹೋಳಿಗೆ ಮಾಡಿದರೆ ಗೋಡೆಯ ಆಚೆಯಿಂದ ಬೆಲ್ಲದ ವಾಸನೆ ಬರುತ್ತಿತ್ತು, ಈಚೆ ನಾವು ಮಂಡಾಳ ಎನ್ನುವ ಮಂಡಕ್ಕಿಯ ಒಗ್ಗರಣೆ ತಿನ್ನುತ್ತಿದ್ದೆವು.

ನಾವು ಎಂದೆನಲ್ಲ. ಮೌನೇಶ ಅವ್ವನ ಒಲೆಯಲ್ಲಿ ಉಂಡ. ನಾನು ಅಪ್ಪನ ಒಲೆಯಲ್ಲಿ ಉಂಡೆ. ಅವ್ವ ಪ್ರತಿ ಸಂಜೆ ಕರೆಯುತ್ತಿದ್ದಳು.

“ಹುಸೇನ್ಯಾ, ಬಾರೊ. ಬಿಸಿ ಐತಿ. ಒಂದ ರೊಟ್ಟಿ ತಿಂದು ಹೋಗು.”

ಮೊದಲು ಕೆಲವು ದಿನ ಹೋದೆ. ತಾಟು ಮುಂದಿಟ್ಟು ಅವ್ವ ನನ್ನ ಮುಖ ನೋಡುತ್ತ, ನನಗೂ ತನಗೂ ಸೇರಿ ಹೇಳಿಕೊಳ್ಳುತ್ತಿದ್ದಳು, “ಬಾಗಲಿಗೆ ಒಂದು ಕಲ್ಲ ಆನಿಸಿ ಹೋಗಬೇಕಿತ್ತಪ್ಪ. ಗಾಳಿ ಅದ ಅಂತ ಗೊತ್ತಿತ್ತು ನನಗ. ಒಂದು ಕಲ್ಲು.” ನಾನು ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಏಳುತ್ತಿದ್ದೆ. ಅದಕ್ಕೇ ಅಪ್ಪನ ಒಲೆಯ ಕಡೆಗೆ ಬಂದೆ. ಅಪ್ಪನ ಹರಿದ, ಸೀದ ರೊಟ್ಟಿ ಸಲೀಸಾಗಿ ಇಳಿಯುತ್ತಿತ್ತು, ಏಕೆಂದರೆ ಅಪ್ಪ ಏನೂ ಹೇಳುತ್ತಿರಲಿಲ್ಲ. ಅವನು ನಾನು ಅವನ ಪಕ್ಷ ಹಿಡಿದೆನೆಂದು ತಿಳಿದ. ಬಂದವರೆದುರು “ನನ್ನ ಹಿರೇಮಗ ನನ್ನ ಸಂಗಾಟ ಉಣ್ತಾನ” ಎನ್ನುತ್ತಿದ್ದ, ಅವ್ವನಿಗೆ ಕೇಳುವ ಹಾಗೆ. ನಾನು ತಲೆ ಬಗ್ಗಿಸಿ ಉಣ್ಣುತ್ತಿದ್ದೆ. ಅವ್ವನೇ ಮಗುವನ್ನು ಕೊಂದವಳೆಂದು ಆ ಮನೆಯಲ್ಲಿ ದಿನಕ್ಕೆ ಎರಡು ಹೊತ್ತು ಸಾರಿದ್ದು ಹೀಗೆ. ನನ್ನ ಬಾಯಿಯಿಂದ ಒಂದು ಮಾತೂ ಹೊರಡದೆ, ಬರೀ ಉಂಡೇ ಸಾರಿದೆ. ಹೈಸ್ಕೂಲು ಮುಗಿದದ್ದೇ ಊರು ಬಿಟ್ಟೆ. ಮುಂಬೈ, ಅಲ್ಲಿಂದ ಇಲ್ಲಿಗೆ. ಹೊಟ್ಟೆಪಾಡಿಗೆ ಬಂದವರ ನಡುವೆ ನಾನು ಎರಡು ಒಲೆಗಳಿಂದ ತಪ್ಪಿಸಿಕೊಂಡು ಬಂದವನು. ಇಲ್ಲಿನ ಫಿಂಟಾಸಿನ ಒಂದು ಮನೆಯಲ್ಲಿ ಡ್ರೈವರ್ ಆಗಿದ್ದೆ. ಆಮೇಲೆ ಮೀನಾ ಅಬ್ದುಲ್ಲಾದ ಎಣ್ಣೆ ಕಾರ್ಖಾನೆಗೆ ಕೆಲಸಗಾರರನ್ನು ಕರೆದೊಯ್ಯುವ ಬಸ್ಸು ಓಡಿಸಿದೆ. ಮದುವೆಯ ಮಾತು ಬಂದಾಗಲೆಲ್ಲ ಮುಂದೂಡಿದೆ.

ಎಂಟು ವರ್ಷದ ಹುಡುಗನನ್ನು ಯಾರಾದರೂ ಕ್ಷಮಿಸಿಯಾರು. ನನ್ನ ಕಷ್ಟ ಇರುವುದು ಇನ್ನೊಂದು ದಿನದ ಬಗ್ಗೆ. ನನಗೆ ನಲವತ್ತಾಗಿತ್ತು. ಗಣಿಯ ಧೂಳು ಅಪ್ಪನ ಎದೆ ಕಟ್ಟಿ ಹಾಸಿಗೆಗೆ ಬೀಳಿಸಿತ್ತು, ಎದ್ದು ಒಲೆ ಹೊತ್ತಿಸುವ ಶಕ್ತಿ ಇರಲಿಲ್ಲ. ಮೌನೇಶ ಫೋನ್ ಮಾಡಿದ.

“ಅಣ್ಣ, ಅವ್ವ ಗಂಜಿ ಮಾಡಿ ಕುಂತಾಳ. ಅಪ್ಪ ಬಾಯಿ ತೆಗಿಯವಲ್ಲ. ನಿನ್ನ ಮಾತು ಕೇಳ್ತಾನ ಅಂವ. ನೀನರ ಹೇಳು.”

ಫೋನನ್ನು ಅಪ್ಪನ ಕಿವಿಗೆ ಹಿಡಿದ. ಅಪ್ಪನ ಉಸಿರು ಗರಗರ ಕೇಳುತ್ತಿತ್ತು. ಬಾಗಿಲು ಹಾಕಿದವನು ನಾನಪ್ಪ, ಅವಳಲ್ಲ. ಇಷ್ಟು ಹೇಳಬೇಕಿತ್ತು. ನನ್ನ ನಾಲಿಗೆಯ ಮೇಲೆ ಇತ್ತು.

“ಉಣ್ಣಪ್ಪ” ಎಂದೆ. ಅಷ್ಟೇ ಎಂದೆ.

ಅಪ್ಪ ಉಣ್ಣಲಿಲ್ಲ. ಅವ್ವ ಗಂಜಿಯ ಬಟ್ಟಲು ಹಿಡಿದು ಕುಳಿತಿದ್ದಂತೆಯೇ ಪ್ರಾಣ ಹೋಯಿತೆಂದು ಆಮೇಲೆ ಮೌನೇಶ ಹೇಳಿದ.

ಈ ಚಳಿಗಾಲದ ಒಂದು ಶುಕ್ರವಾರ ಬೆಳಿಗ್ಗೆ ತಣ್ಣನೆ ಗಾಳಿ ಬೀಸುತ್ತಿತ್ತು. ಇಲ್ಲಿನ ಚಳಿ ಒಣ ಚಳಿ, ಹಾಸಿಗೆಯೂ ಕೊರೆಯುತ್ತದೆ. ಕೋಣೆಯ ಹುಡುಗರು ಮೇಲಿನ ತಾರಸಿಯಲ್ಲಿ ಮೀನು ಸುಟ್ಟು, ಉಳಿದ ಇದ್ದಿಲ ಕೆಂಡವನ್ನು ಬೆಚ್ಚಗಿರಲೆಂದು ತಗಡಿನ ಬುಟ್ಟಿಯಲ್ಲಿ ಒಳಗೆ ತಂದರು. ಸದಾನಂದ ಕಿಟಕಿ ಎಳೆದು ಬಾಗಿಲು ಹಾಕಿದ. ಆಮೇಲೆ ನಾನು ಏನು ಮಾಡಿದೆನೋ ನನಗೆ ಪೂರ್ತಿ ನೆನಪಿಲ್ಲ. ಬುಟ್ಟಿಯನ್ನು ಬರಿಗೈಯಲ್ಲಿ ಎತ್ತಿ ಹೊರಗೆ ಒಗೆದಿದ್ದೆ, ಅಂಗೈ ಸುಟ್ಟಿತ್ತು, ಎಲ್ಲರಿಗೂ ಬಾಯಿಗೆ ಬಂದದ್ದು ಬೈದಿದ್ದೆ. ಹುಡುಗರು ಹೆದರಿ ಮೆಟ್ಟಿಲಿಳಿದು ಹೋದರು. ಸದಾನಂದ ಒಬ್ಬನೇ ಉಳಿದು ಕೈಗೆ ಮುಲಾಮು ಹಚ್ಚಿದ. ಅವನಿಗೆ ಎಲ್ಲ ಹೇಳಿದೆ. ಮಗ್ಗಿ ಕೂಗಿದ್ದನ್ನೂ ಹೇಳಿದೆ. ಅವನು ಮುಲಾಮಿನ ಮುಚ್ಚಳ ತಿರುಗಿಸಿ ಹಾಕಿದ.

“ಅಮ್ಮ ಇದ್ದಾರಲ್ಲ ಇನ್ನೂ?”

“ಅದಾಳ. ತಮ್ಮನ ಹತ್ರ.”

“ಹಾಗಾದ್ರೆ ನನ್ನ ಹತ್ರ ಎಂತಕ್ಕೆ ಹೇಳುದು ಮಾರಾಯ್ರೆ? ನಾನು ಕೇಳಿ ಎಂತ ಮಾಡ್ಲಿ? ಅವರಿಗೆ ಹೇಳಿ.”

ನನ್ನ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಮುಗಿಯುತ್ತ ಬಂದಿದೆ. ಅರವತ್ತು ದಾಟಿದ, ಡಿಗ್ರಿ ಇಲ್ಲದ ನನ್ನಂಥವನಿಗೆ ಮತ್ತೆ ಮಾಡಿಸಿಕೊಡಲು ಕೆಲಸಕ್ಕಿಟ್ಟ ಧಣಿ ಕಫೀಲನಿಗೆ ಮನಸ್ಸಿಲ್ಲ, ಖಲಾಸ್ ಎಂದುಬಿಟ್ಟಿದ್ದಾನೆ. ಹೇಗೂ ಹೋಗಲೇಬೇಕು. ಎದುರು ನಿಂತು ಹೇಳುವ ಧೈರ್ಯ ನನಗಿಲ್ಲವೆಂದು ನನಗೆ ಗೊತ್ತಿತ್ತು. ಆ ದಿನವೇ ಮಧ್ಯಾಹ್ನ ಫೋನ್ ಮಾಡಿದೆ. ಮೌನೇಶ ಅವ್ವನ ಕಿವಿಗೆ ಕೊಟ್ಟು ಹೊಲಕ್ಕೆ ಹೋದ. ಅವ್ವನ ಕಿವಿ ಇನ್ನೂ ಚುರುಕು. ಒಂದೇ ಉಸಿರಿನಲ್ಲಿ ಹೇಳಿದೆ. ಅಗಳಿ ಹಾಕಿದ್ದು, ಮಗ್ಗಿ ಕೂಗಿದ್ದು, ಅಗಳಿ ತೆಗೆದದ್ದು, ಗಾಳಿ ಎಂದದ್ದು. ಅಪ್ಪನ ಕಿವಿಯಲ್ಲಿ ಹೇಳದೆ ಉಳಿದದ್ದನ್ನೂ ಹೇಳಿದೆ. ಆಚೆ ಎಲ್ಲಿಯೋ ಕೋಳಿ ಕೆದರುವ ಸದ್ದು.

“ಅವ್ವ?”

“ಕೇಳಾಕತ್ತೀನಿ.”

“ಏನರ ಅನ್ನವ್ವ. ಬೈಯವ್ವ.”

ಅವ್ವ ನಿಧಾನಕ್ಕೆ, ಒಂದೊಂದೇ ಮಾತು ಎತ್ತಿಟ್ಟಂತೆ ಹೇಳಿದಳು.

“ನಿನಗ ಆಗ ಎಂಟು ವರ್ಷ. ಎಂಟು ವರ್ಷದ ಹುಡುಗ ಜಮಾದಾರಗ ಹೆದರತಾನ. ಅವಗ ನಾ ಏನೂ ಅನ್ನಂಗಿಲ್ಲ. ನನ್ನ ಕೂಸ ಅವನೂ. ಆದರ ನಾ ಗಂಜಿ ಹಿಡದು ಕುಂತಾಗ ಫೋನಿನ್ಯಾಗ ಇದ್ದಾಂವ ಯಾರಪ್ಪ? ನಲವತ್ತು ವರ್ಷದ ಗಂಡಸು. ಅವಗ ನಾ ಏನನ್ನಲಿ? ನೀನ ಹೇಳು.”

ನಾನು ಅಳುತ್ತಿದ್ದೆ. ಅವ್ವ ಅಳಲಿಲ್ಲ. ಕಟ್ ಮಾಡಲು ಅವಳಿಗೆ ಬರುವುದಿಲ್ಲ. ಫೋನನ್ನು ನೆಲಕ್ಕಿಟ್ಟು ಎದ್ದುಹೋದಳು. ಅವಳ ಕೋಲಿನ ಸದ್ದು ದೂರವಾಗುವುದು ಕೇಳಿಸಿತು. ಮೌನೇಶ ಬಂದು ಎತ್ತಿಕೊಳ್ಳುವವರೆಗೆ ನಾನು ಕಿವಿಗೆ ಹಿಡಿದೇ ಕುಳಿತಿದ್ದೆ.

ಟಿಕೆಟ್ ಮಾಡಿಸಿಯಾಗಿದೆ. ಅಂದಿನಿಂದ ಇವತ್ತಿನವರೆಗೆ ದಿನಾ ಮಧ್ಯಾಹ್ನ ಫೋನ್ ಮಾಡುತ್ತಿದ್ದೇನೆ. ಮೌನೇಶನೇ ಎತ್ತುತ್ತಾನೆ. ಅವನಿಗೆ ಅವ್ವ ಏನೂ ಹೇಳಿಲ್ಲ, ಅವನ ದನಿಯಲ್ಲೇ ಗೊತ್ತಾಗುತ್ತದೆ. “ಅವ್ವ ಮಲಗ್ಯಾಳ ಅಣ್ಣ” ಎನ್ನುತ್ತಾನೆ. ನಮ್ಮವ್ವ ಮಧ್ಯಾಹ್ನ ಎಂದೂ ಮಲಗಿದವಳಲ್ಲ.